ಮಂಡಿನೋವಿಗೆ ಐದು ತಿಂಗಳಿಂದ ಐಬುಪ್ರೊಫೆನ್: ಮುಂದುವರಿಸಬಹುದೇ?

ಪ್ರಶ್ನೆ: ನನಗೆ 61 ವರ್ಷ. ಎರಡು ವರ್ಷಗಳಿಂದ ಮಂಡಿನೋವು. ಕೀಲು ಸವೆದಿದೆ ಎಂದು ವೈದ್ಯರು ಹೇಳಿದ್ದಾರೆ. ಐದು ತಿಂಗಳಿಂದ, ಚೀಟಿಯಿಲ್ಲದೆ ಸಿಗುವ 400 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆಯನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಿದ್ದೇನೆ. ನೋವು ಜೋರಾದ ದಿನ ಮೂರು. ನಾಲ್ಕು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರಿಂದ 75 ಮಿಲಿಗ್ರಾಂ ಆಸ್ಪಿರಿನ್ ಇದೆ. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರವರ್ಧಕ ಎರಡೂ ಸೇರಿರುವ ಒಂದು ಮಾತ್ರೆ ಇದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೇ ನುಂಗುತ್ತೇನೆ. ಹೊಟ್ಟೆಯುರಿ ಇಲ್ಲ. ಮಗಳು ‘ಕಿಡ್ನಿ ಹಾಳಾಗುತ್ತದೆ’ ಎಂದು ಹೆದರಿಸುತ್ತಾಳೆ. ಆದರೆ ಅವಳೇ ಪ್ರತಿ ತಿಂಗಳು ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಸಿಡ್ ನುಂಗುತ್ತಾಳೆ, ಐದು ವರ್ಷದ ಮೊಮ್ಮಗನಿಗೆ ಜ್ವರ ಬಂದರೆ ಐಬುಪ್ರೊಫೆನ್ ಸಿರಪ್ ಕೊಡುತ್ತಾಳೆ. ಇದು ಅಷ್ಟು ಅಪಾಯಕಾರಿಯಾಗಿದ್ದರೆ ಚೀಟಿಯಿಲ್ಲದೆ ಮಾರಲು ಬಿಡುತ್ತಿದ್ದರೇ?

ಉತ್ತರ: ಮಾಡಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಐಬುಪ್ರೊಫೆನ್ ಅನ್ನು ಇವತ್ತೇ ನಿಲ್ಲಿಸಿ. ಇದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರಬೇಕಾಗಿಲ್ಲ. ಒಮ್ಮೆಗೇ ಬಿಟ್ಟರೆ ನೋವು ಮರಳಬಹುದು, ಬಿಪಿ ತುಸು ಇಳಿಯಬಹುದು, ಬೇರೆ ಹಾನಿಯಿಲ್ಲ. ಆದರೆ ಹೆದರಿ ಆಸ್ಪಿರಿನ್ ಅನ್ನಾಗಲಿ ಬಿಪಿ ಮಾತ್ರೆಯನ್ನಾಗಲಿ ನೀವಾಗಿಯೇ ಬಿಡಬೇಡಿ. ಸ್ಟೆಂಟ್ ಇರುವವರು ಆಸ್ಪಿರಿನ್ ಬಿಡುವುದು ಬೇರೆಯೇ ಒಂದು ಅಪಾಯ. ಈ ವಾರದೊಳಗೆ ನಿಮ್ಮ ವೈದ್ಯರನ್ನು ಕಂಡು, ಐದು ತಿಂಗಳ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬಿಪಿ ನೋಡಿಸಿ, ರಕ್ತದಲ್ಲಿ ಕಿಡ್ನಿಯ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಈ ಮೂರನ್ನು ಪರೀಕ್ಷೆ ಮಾಡಿಸಿ.

ಈಗ ನಿಮ್ಮ ಕೊನೆಯ ವಾಕ್ಯಕ್ಕೆ ಬರುತ್ತೇನೆ, ಏಕೆಂದರೆ ಪತ್ರದ ತಿರುಳೆಲ್ಲ ಅದರಲ್ಲಿದೆ. ಚೀಟಿಯಿಲ್ಲದೆ ಮಾರುತ್ತಾರೆ, ಆದ್ದರಿಂದ ನಿರಪಾಯ ಎನ್ನುವುದು ನಿಮ್ಮ ತರ್ಕ. ನಾನು ಕಂಡ ನೂರಾರು ಜನರ ತರ್ಕವೂ ಅದೇ. ವಾಸ್ತವದಲ್ಲಿ ಚೀಟಿಯ ವಿನಾಯಿತಿ ಸಿಕ್ಕಿರುವುದು ಮಾತ್ರೆಗಲ್ಲ, ಒಂದು ಪ್ರಮಾಣಕ್ಕೆ ಮತ್ತು ಕೆಲವು ದಿನಗಳಿಗೆ. ಐಬುಪ್ರೊಫೆನ್ 1969ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದಾಗ ಅದು ವೈದ್ಯರು ಬರೆದುಕೊಟ್ಟರೆ ಮಾತ್ರ ಸಿಗುತ್ತಿದ್ದ ಸಂಧಿವಾತದ ಔಷಧ. ಹದಿನಾಲ್ಕು ವರ್ಷ ಅದನ್ನು ಗಮನಿಸಿದ ಮೇಲೆ 1983ರಲ್ಲಿ ಅಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಅದನ್ನು ಚೀಟಿಯಿಲ್ಲದೆ ಮಾರಲು ಒಪ್ಪಿದರು. ಒಪ್ಪಿದ್ದು ಸಣ್ಣ ಪ್ರಮಾಣಕ್ಕೆ: ವಯಸ್ಕರಿಗೆ ಸಲಕ್ಕೆ 200ರಿಂದ 400 ಮಿಲಿಗ್ರಾಂ, ಇಡೀ ದಿನಕ್ಕೆ 1200 ಮಿಲಿಗ್ರಾಂ ಮೀರದಂತೆ, ನೋವಿಗಾದರೆ ಹೆಚ್ಚೆಂದರೆ ಹತ್ತು ದಿನ, ಜ್ವರಕ್ಕಾದರೆ ಮೂರು ದಿನ. ಹೃದ್ರೋಗ, ಕಿಡ್ನಿಯ ತೊಂದರೆ, ಹೊಟ್ಟೆಯ ಹುಣ್ಣು ಇದ್ದವರು, ಬೇರೆ ಮಾತ್ರೆ ನುಂಗುತ್ತಿರುವವರು ಮೊದಲು ವೈದ್ಯರನ್ನು ಕೇಳಿ ಎಂಬ ಮಾತೂ ಔಷಧದ ಪೊಟ್ಟಣದೊಳಗಿನ ಚೀಟಿಯಲ್ಲಿ ಇರುತ್ತದೆ, ಭೂತಗನ್ನಡಿ ಬೇಡುವಷ್ಟು ಸಣ್ಣ ಅಕ್ಷರದಲ್ಲಿ. ನೀವು ದಿನದ ಪ್ರಮಾಣವನ್ನು ಮೀರಿಲ್ಲ, ಅದು ನಿಜ. ಮೀರಿರುವುದು ದಿನಗಳನ್ನು, ಹತ್ತಕ್ಕೆ ನೂರೈವತ್ತರಷ್ಟು. ವೈದ್ಯರ ಚೀಟಿ ಬೇಡ ಎಂದರೆ ವೈದ್ಯರು ಮಾಡುವ ಲೆಕ್ಕ ಬೇಡ ಎಂದಲ್ಲ. ಆ ಲೆಕ್ಕ ಈಗ ನಿಮ್ಮ ತಲೆಯ ಮೇಲೆ ಬಂತು, ಅಷ್ಟೆ.

ಲೆಕ್ಕ ಮಾಡಬೇಕಾದರೆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಅದು ನಿಮ್ಮ ಮಂಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಶರೀರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ಒಂದು ದೊಡ್ಡ ಬಳಗವಿದೆ. ಪೆಟ್ಟು ಬಿದ್ದಲ್ಲಿ, ಕೀಲು ಕೆರಳಿದಲ್ಲಿ ಅವು ಹೆಚ್ಚಾಗಿ ಹುಟ್ಟಿ ಊತ, ಬಿಸಿ, ನೋವು ತರುತ್ತವೆ. ಆದರೆ ಅದೇ ಬಳಗದವು ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಹೊದಿಸುತ್ತವೆ, ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುತ್ತವೆ, ರಕ್ತ ಹೆಪ್ಪುಗಟ್ಟುವ ಕೆಲಸದಲ್ಲಿಯೂ ಕೈಯಾಡಿಸುತ್ತವೆ. ಇವೆಲ್ಲವನ್ನೂ ತಯಾರಿಸುವುದು ಕಾಕ್ಸ್ ಎಂಬ ಕಿಣ್ವ. ಆಸ್ಪಿರಿನ್ ಆ ತಯಾರಿಯನ್ನೇ ನಿಲ್ಲಿಸುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲವೂ ಮಾಡುವುದು ಅದನ್ನೇ. ಅಂದರೆ ಮಂಡಿಯ ನೋವು ಇಳಿಯುವುದು, ಹೊಟ್ಟೆಯ ಹೊದಿಕೆ ತೆಳುವಾಗುವುದು ಎರಡು ಬೇರೆ ಸಂಗತಿಗಳಲ್ಲ. ಒಂದು ಪರಿಣಾಮ, ಇನ್ನೊಂದು ಅಡ್ಡಪರಿಣಾಮ ಎಂದು ಹೆಸರಿಟ್ಟವರು ನಾವು. ಮಾತ್ರೆಗೆ ಆ ಭೇದ ಗೊತ್ತಿಲ್ಲ.

ಹಾಗಾಗಿ ‘ತಿಂಡಿಯಾದ ಮೇಲೆಯೇ ನುಂಗುತ್ತೇನೆ’ ಎಂಬ ನಿಮ್ಮ ಸಮಾಧಾನವನ್ನು ನಾನು ಕಸಿದುಕೊಳ್ಳಲೇಬೇಕು. ಹೊಟ್ಟೆ ತುಂಬಿದ್ದಾಗ ನುಂಗಿದರೆ ಹೊಟ್ಟೆ ತೊಳಸುವುದು ಕೆಲವರಿಗೆ ಕಡಿಮೆಯಾಗುತ್ತದೆ, ಅದಷ್ಟೇ ಲಾಭ. ಹುಣ್ಣಾಗುವುದಕ್ಕೆ ಮುಖ್ಯ ಕಾರಣ ಮಾತ್ರೆ ಜಠರದ ಗೋಡೆಗೆ ತಾಗುವುದಲ್ಲ. ಅದು ರಕ್ತಕ್ಕೆ ಸೇರಿ, ರಕ್ತದ ಮೂಲಕ ಬಂದು ಹೊದಿಕೆಯ ತಯಾರಿಯನ್ನು ನಿಲ್ಲಿಸುವುದು. ಇದೇ ಔಷಧವನ್ನು ಸೂಜಿಯಲ್ಲಿ ಕೊಟ್ಟರೂ ಹುಣ್ಣಾಗಬಹುದು ಎಂಬುದು ಇದಕ್ಕೆ ಸಾಕ್ಷಿ. ಜಠರದಲ್ಲಿ ಕರಗದಂತೆ ಲೇಪ ಹಚ್ಚಿದ ಮಾತ್ರೆಗಳ ಹಣೆಬರಹವೂ ಇಷ್ಟೇ.

‘ಹೊಟ್ಟೆಯುರಿ ಇಲ್ಲ’ ಎನ್ನುವುದನ್ನೂ ನಂಬಬೇಡಿ. ಈ ಮಾತ್ರೆಗಳಿಂದ ಆಗುವ ಹುಣ್ಣು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ನೋವು ಮುಚ್ಚುವ ಮಾತ್ರೆಯನ್ನು ನುಂಗುತ್ತಿರುವವರಿಗೆ ಹುಣ್ಣಿನ ನೋವು ಮಾತ್ರ ತಪ್ಪದೆ ಗೊತ್ತಾಗಲಿ ಎಂದು ಬಯಸುವುದು ಎಷ್ಟು ನ್ಯಾಯ? ಮೊದಲ ಸೂಚನೆ ರಕ್ತಸ್ರಾವವೇ ಆಗಿರಬಹುದು: ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ, ದುರ್ವಾಸನೆಯಿಂದ ಕೂಡಿದ ಮಲ, ಕಾಫಿ ಗಸಿಯಂತೆ ಕಾಣುವ ವಾಂತಿ, ನಿಂತರೆ ಕಣ್ಣು ಕತ್ತಲೆ ಬರುವುದು, ಸುಮ್ಮನೆ ಏದುಸಿರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಆದರೆ ಅದು ಡಾಂಬರಿನಂತೆ ಜಿಗುಟಾಗಿರುವುದಿಲ್ಲ. ಅನುಮಾನವಿದ್ದರೆ ತೋರಿಸಿ. ಹಿಮೋಗ್ಲೋಬಿನ್ ನೋಡಿಸಿ ಎಂದದ್ದು ಇದಕ್ಕೇ. ಹನಿಹನಿಯಾಗಿ ತಿಂಗಳುಗಟ್ಟಲೆ ಸೋರುವ ರಕ್ತ ಕಣ್ಣಿಗೆ ಬೀಳುವುದಿಲ್ಲ, ಆ ಸಂಖ್ಯೆಯಲ್ಲಿ ಬೀಳುತ್ತದೆ.

ಜಠರದ ಆಮ್ಲ ಇಳಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ಜೊತೆಗಿದ್ದರೆ ಆಯಿತಲ್ಲ ಎಂದು ನೀವು ಕೇಳಿಲ್ಲ, ಆದರೆ ಓದುಗರಲ್ಲಿ ಯಾರೋ ಈಗ ಕೇಳುತ್ತಿರುತ್ತಾರೆ. ಅವು ಜಠರವನ್ನು ನಿಜಕ್ಕೂ ಕಾಪಾಡುತ್ತವೆ. ಅದರಾಚೆಗಿನ ಸಣ್ಣ ಕರುಳನ್ನು, ಕಿಡ್ನಿಯನ್ನು, ಹೃದಯವನ್ನು ಕಾಪಾಡುವುದಿಲ್ಲ. ಹೊಟ್ಟೆಯೊಂದು ತಣ್ಣಗಿದೆ ಎಂದು ಧೈರ್ಯವಾಗಿ ತಿಂಗಳುಗಟ್ಟಲೆ ನುಂಗುವವರನ್ನು ನೋಡಿದ್ದೇನೆ. ಆ ಧೈರ್ಯವೇ ಅವರಿಗೆ ಮುಳುವಾಯಿತು.

ಇನ್ನು ನಿಮ್ಮ ಮಗಳ ಮಾತು. ಕಿಡ್ನಿಯ ವಿಷಯದಲ್ಲಿ ಅವಳು ಹೇಳಿದ್ದು ಎಲ್ಲರಿಗೂ ಅನ್ವಯಿಸುವುದಿಲ್ಲ, ನಿಮಗೆ ಅನ್ವಯಿಸುತ್ತದೆ. ಆರೋಗ್ಯವಾಗಿರುವ, ನೀರು ಸಾಕಷ್ಟಿರುವ ಶರೀರದಲ್ಲಿ ಕಿಡ್ನಿಗೆ ಪ್ರೊಸ್ಟಾಗ್ಲಾಂಡಿನ್‌ನ ಆಸರೆ ಅಷ್ಟಾಗಿ ಬೇಕಾಗುವುದಿಲ್ಲ; ಅದು ಊರುಗೋಲಿಲ್ಲದೆಯೇ ನಡೆಯುತ್ತದೆ. ವಯಸ್ಸಾದಾಗ, ಹೃದಯದ ಶಕ್ತಿ ಕುಂದಿದಾಗ, ಶರೀರದಲ್ಲಿ ನೀರು ಕಡಿಮೆಯಾದಾಗ ಊರುಗೋಲು ಬೇಕು. ಐಬುಪ್ರೊಫೆನ್ ಕಿತ್ತುಕೊಳ್ಳುವುದು ಅದನ್ನೇ.

ನಿಮ್ಮ ಬಿಪಿ ಮಾತ್ರೆ ಇಲ್ಲಿ ಕಥೆಯೊಳಗೆ ಬರುತ್ತದೆ. ಕಿಡ್ನಿಯಲ್ಲಿ ರಕ್ತ ಸೋಸುವ ಲಕ್ಷಾಂತರ ಪುಟ್ಟ ಜರಡಿಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ನಾಳವೊಂದು, ಒಯ್ಯುವ ನಾಳವೊಂದು. ತರುವ ನಾಳ ಅಗಲವಾಗಿದ್ದು ಒಯ್ಯುವ ನಾಳ ತುಸು ಬಿಗಿಯಾಗಿದ್ದರೆ ನಡುವೆ ಒತ್ತಡ ಏಳುತ್ತದೆ, ಆ ಒತ್ತಡದಲ್ಲಿ ರಕ್ತ ಸೋಸಿಹೋಗುತ್ತದೆ. ಮೂತ್ರವರ್ಧಕ ಶರೀರದ ನೀರನ್ನು ಇಳಿಸುತ್ತದೆ. ಬರುವ ರಕ್ತವೇ ಸ್ವಲ್ಪ ಕಡಿಮೆ. ಟೆಲ್ಮಿಸಾರ್ಟಾನ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ರಕ್ತ ಬೇಗ ಜಾರಿಹೋಗುತ್ತದೆ. ಇವೆರಡನ್ನೂ ಕಿಡ್ನಿ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ತರುವ ನಾಳವನ್ನು ಪ್ರೊಸ್ಟಾಗ್ಲಾಂಡಿನ್‌ನಿಂದ ಇನ್ನಷ್ಟು ಅಗಲಿಸಿಕೊಂಡು. ಅಲ್ಲಿಗೆ ಐಬುಪ್ರೊಫೆನ್ ಬಂದು ಆ ನಾಳವನ್ನೂ ಕಿರಿದಾಗಿಸಿದರೆ ಜರಡಿಯಲ್ಲಿ ಒತ್ತಡವೇ ಉಳಿಯುವುದಿಲ್ಲ. ವೈದ್ಯರ ವಲಯದಲ್ಲಿ ಇದನ್ನು ‘ಮೂರು ಪೆಟ್ಟು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್ ಇವುಗಳಲ್ಲಿ ಯಾವುದಿದ್ದರೂ ಲೆಕ್ಕ ಒಂದೇ. ಮಾಮೂಲಿ ದಿನಗಳಲ್ಲಿ ಇದು ಹೇಗೋ ತೂಗಿಕೊಂಡು ಹೋಗುತ್ತದೆ. ಎರಡು ದಿನ ವಾಂತಿಭೇದಿಯಾಗಿ ನೀರು ಇಳಿದುಹೋದಾಗಲೋ ಕಡುಬಿಸಿಲಿನಲ್ಲಿ ಬೆವರು ಹರಿದು ಬಾಯಿ ಒಣಗಿದಾಗಲೋ ತಕ್ಕಡಿ ಒಮ್ಮೆಲೇ ವಾಲುತ್ತದೆ. ಸಮಾಧಾನದ ಸಂಗತಿಯೆಂದರೆ, ಬೇಗ ಗುರುತಿಸಿ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಪರೀಕ್ಷೆ ಈ ವಾರವೇ ಮಾಡಿಸಿ ಎಂದು ಅವಸರಪಡಿಸಿದ್ದು ಅದಕ್ಕೆ.

ಈ ಜಾತಿಯ ಔಷಧ ಕಿಡ್ನಿಗೆ ಏನು ಮಾಡಬಲ್ಲದು ಎಂದು ನೆನೆದಾಗಲೆಲ್ಲ ನನಗೆ ರಣಹದ್ದುಗಳು ನೆನಪಾಗುತ್ತವೆ. ದಕ್ಷಿಣ ಏಷ್ಯಾದಲ್ಲಿ ಅವು ಸಾಲುಸಾಲಾಗಿ ಸತ್ತು ಬಿದ್ದಾಗ ಕಾರಣ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಗೊತ್ತಾದದ್ದು: ದನಕರುಗಳಿಗೆ ನೋವಿಗೆಂದು ಕೊಟ್ಟಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳು ಪಶುಗಳಿಗೆ ಅದರ ಬಳಕೆಯನ್ನು ತಡೆದವು. ಹದ್ದಿನ ಶರೀರ ನಮ್ಮದಲ್ಲ, ಹೋಲಿಕೆಯನ್ನು ಎಳೆಯುವುದು ತಪ್ಪು. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ಮೃತ್ಯುವಾದ ಆ ಘಟನೆ ಮಾತ್ರ ಮರೆಯುವಂಥದ್ದಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೆ ದೂಡಿದ್ದು ‘ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೇ’ ಎಂಬ ಮಾತು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ನೀವು ಆಸ್ಪಿರಿನ್ ನುಂಗುತ್ತೀರಿ. ರಕ್ತದ ಪ್ಲೇಟ್‌ಲೆಟ್‌ಗಳೊಳಗಿನ ಕಾಕ್ಸ್ ಕಿಣ್ವಕ್ಕೆ ಅದು ಶಾಶ್ವತವಾಗಿ ಬೀಗ ಜಡಿಯುತ್ತದೆ. ಆ ಪ್ಲೇಟ್‌ಲೆಟ್ ಬದುಕಿರುವ ಏಳರಿಂದ ಹತ್ತು ದಿನ ಬೀಗ ತೆರೆಯುವುದಿಲ್ಲ. ಐಬುಪ್ರೊಫೆನ್ ಕೂತುಕೊಳ್ಳುವುದೂ ಅದೇ ಜಾಗದಲ್ಲಿ. ಅದು ಬೀಗ ಹಾಕುವುದಿಲ್ಲ, ಬಾಗಿಲಿಗೆ ಅಡ್ಡ ಕುಳಿತಿರುತ್ತದೆ, ಕೆಲವು ಗಂಟೆಗಳಲ್ಲಿ ಎದ್ದು ಹೋಗುತ್ತದೆ. ಆಸ್ಪಿರಿನ್‌ಗೆ ಕಾಯುವ ವ್ಯವಧಾನವಿಲ್ಲ. ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಬಾಗಿಲಿಗೆ ಅಡ್ಡ ಯಾರೋ ಕುಳಿತಿದ್ದಾಗ ಬೀಗ ಹಿಡಿದು ಬಂದವನು ಹಿಂದಿರುಗಿದ, ಕುಳಿತಿದ್ದವನು ಸಂಜೆ ಎದ್ದು ಹೋದ, ಬಾಗಿಲು ಹಾರುಹೊಡೆದುಕೊಂಡಿತು. ಹೀಗೆ ದಿನವೂ ಆಸ್ಪಿರಿನ್ ನುಂಗಿಯೂ ಅದರ ರಕ್ಷಣೆ ಕುಂದಬಹುದು. ಅಪರೂಪಕ್ಕೆ ಐಬುಪ್ರೊಫೆನ್ ಬೇಕಾದವರು, ಲೇಪವಿಲ್ಲದ ಸಾಮಾನ್ಯ ಆಸ್ಪಿರಿನ್ ನುಂಗಿ ಕನಿಷ್ಠ ಅರ್ಧ ಗಂಟೆಯ ಮೇಲೆ, ಇಲ್ಲವೇ ಆಸ್ಪಿರಿನ್‌ಗಿಂತ ಎಂಟು ಗಂಟೆಗೂ ಮೊದಲು ತೆಗೆದುಕೊಳ್ಳಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳುತ್ತದೆ. ನಿಮಗೆ ಈ ಲೆಕ್ಕಾಚಾರ ಬೇಡವೇ ಬೇಡ. ಎರಡೂ ಸೇರಿದರೆ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅದೊಂದೇ ಸಾಕು ಬಿಡಲು.

ಅದಕ್ಕಿಂತ ನೇರವಾದ ಕಾರಣವೂ ಇದೆ. ಹೃದಯಕ್ಕೆ ಈ ಮಾತ್ರೆಗಳೇ ಭಾರ. ಹೊಟ್ಟೆಗೆ ಹಿತವೆಂದು 1999ರಲ್ಲಿ ಬಂದ, ಇದೇ ಗುಂಪಿನ ರೋಫೆಕಾಕ್ಸಿಬ್ ಎಂಬ ಔಷಧವನ್ನು, ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಿದ್ದು ಕಂಡು 2004ರಲ್ಲಿ ತಯಾರಕರೇ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಆಮೇಲೆ ಹಳೆಯ ಮಾತ್ರೆಗಳನ್ನೂ ಕೆದಕಿ ನೋಡಿದಾಗ ಅವೂ ಅಷ್ಟೇನೂ ಶುದ್ಧಹಸ್ತರಲ್ಲ ಎಂದು ಕಂಡಿತು. ಡೈಕ್ಲೋಫೆನಾಕ್ ಮಾತ್ರೆಯನ್ನು 2015ರಲ್ಲಿ ಬ್ರಿಟನ್ ಮತ್ತೆ ಚೀಟಿಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅಮೆರಿಕ ತನ್ನ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು: ಅಪಾಯ ಬಳಕೆಯ ಮೊದಲ ವಾರಗಳಲ್ಲಿಯೇ ಶುರುವಾಗಬಹುದು, ಪ್ರಮಾಣ ಮತ್ತು ದಿನ ಹೆಚ್ಚಿದಂತೆ ಹೆಚ್ಚಬಹುದು. ಸಣ್ಣ ಪ್ರಮಾಣದ ಐಬುಪ್ರೊಫೆನ್ ಅನ್ನು ನಾಲ್ಕು ದಿನ ನುಂಗುವ ಆರೋಗ್ಯವಂತರಿಗೆ ಈ ಅಪಾಯ ತೀರಾ ಸಣ್ಣದು, ಅವರು ನಿದ್ದೆಗೆಡಬೇಕಾಗಿಲ್ಲ. ಆದರೆ ಹೃದಯದ ರಕ್ತನಾಳ ಒಮ್ಮೆ ಕಟ್ಟಿಕೊಂಡಿದ್ದವರ ಲೆಕ್ಕ ಬೇರೆ.

ಇದಲ್ಲದೆ ಈ ಮಾತ್ರೆಗಳು ಉಪ್ಪನ್ನೂ ನೀರನ್ನೂ ಶರೀರದಲ್ಲಿ ಹಿಡಿದಿಡುತ್ತವೆ, ಬಿಪಿ ಮಾತ್ರೆಯ ಕೆಲಸವನ್ನು ಮೊಟಕುಗೊಳಿಸುತ್ತವೆ. ನನಗೇ ಇದು ಪಾಠ ಕಲಿಸಿದೆ. ಭುಜದ ನೋವಿಗೆಂದು ಒಮ್ಮೆ ಎರಡು ವಾರ ಇದನ್ನೇ ನುಂಗಿದೆ, ಇತರರಿಗೆ ಹತ್ತು ದಿನ ಮೀರಬೇಡಿ ಎಂದು ಉಪದೇಶಿಸುವ ನಾನೇ. ಬಿಪಿ ಏಕೆ ಏರಿತು ಎಂದು ಉಪ್ಪನ್ನು, ನಿದ್ದೆಯನ್ನು, ಕೆಲಸದ ಒತ್ತಡವನ್ನು ಬೈದುಕೊಂಡ ಮೇಲೆ ಮೇಜಿನ ಮೇಲಿದ್ದ ಖಾಲಿ ಮಾತ್ರೆಪಟ್ಟಿ ಕಣ್ಣಿಗೆ ಬಿತ್ತು. ಈ ಐದು ತಿಂಗಳಲ್ಲಿ ನಿಮ್ಮ ಬಿಪಿ ಮಾತ್ರೆಯ ಪ್ರಮಾಣವನ್ನು ಯಾರಾದರೂ ಏರಿಸಿದ್ದರೆ ಅದನ್ನೂ ವೈದ್ಯರಿಗೆ ನೆನಪಿಸಿ. ಐಬುಪ್ರೊಫೆನ್ ಬಿಟ್ಟ ಮೇಲೆ ಬಿಪಿ ಇಳಿಯಬಹುದು, ತಲೆ ಹಗುರವಾದಂತೆ ಅನ್ನಿಸಬಹುದು.

ಸ್ಟೆಂಟ್ ಇಲ್ಲದ, ಬಿಪಿ ಇಲ್ಲದ ಓದುಗರಿಗೆ ಒಂದೆರಡು ಮಾತು ಹೇಳಿ ನಿಮ್ಮ ಮಂಡಿಗೆ ಮರಳುತ್ತೇನೆ. ಉಳುಕು, ಹಲ್ಲುನೋವು, ಮುಟ್ಟಿನ ನೋವು, ಪೆಟ್ಟಿನ ಊತ ಇಂಥವಕ್ಕೆ ಈ ಮಾತ್ರೆಗಳು ನಿಜಕ್ಕೂ ಒಳ್ಳೆಯವು. ನಾನು ಅವುಗಳ ಶತ್ರುವಲ್ಲ. 200 ಮಿಲಿಗ್ರಾಂನಿಂದ ಶುರುಮಾಡಿ, ಸಾಲದಿದ್ದರೆ 400. ನೋವಿನ ಮಟ್ಟಿಗೆ ಸಲಕ್ಕೆ 400 ದಾಟಿದ ಮೇಲೆ ಹೆಚ್ಚು ನುಂಗಿದರೆ ಲಾಭ ಅಷ್ಟಾಗಿ ಹೆಚ್ಚುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ನಡುವೆ ಆರರಿಂದ ಎಂಟು ಗಂಟೆ ಬಿಡುವಿರಲಿ. ಒಂದು ಲೋಟ ತುಂಬ ನೀರಿನೊಡನೆ ನುಂಗಿ, ಕೂಡಲೇ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲಿಯೇ ಸುಡುತ್ತದೆ. ಮದ್ಯದ ಜೊತೆ ಬೇಡ. ಇದಕ್ಕೊಂದು ತಮಾಷೆಯ ಚರಿತ್ರೆಯಿದೆ: ಐಬುಪ್ರೊಫೆನ್ ಕಂಡುಹಿಡಿದ ತಂಡದ ಸ್ಟುವರ್ಟ್ ಆಡಮ್ಸ್ ಅದನ್ನು ತಮ್ಮ ಮೇಲೆ ಪ್ರಯೋಗಿಸಿದ್ದು ಹಿಂದಿನ ರಾತ್ರಿ ಕುಡಿದಿದ್ದರ ತಲೆನೋವಿಗೆ, ಅದೂ 600 ಮಿಲಿಗ್ರಾಂ. ಭಾಷಣ ಮಾಡಬೇಕಿತ್ತಂತೆ. ಕಂಡುಹಿಡಿದವರಿಗೇ ಇಂದು ಪೊಟ್ಟಣದೊಳಗಿರುವ ಚೀಟಿಯ ಎರಡು ನಿಯಮ ದಕ್ಕಿರಲಿಲ್ಲ ಎಂದಾಯಿತು.

ಆಸ್ಪಿರಿನ್ ಅಥವಾ ಇಂಥ ಮಾತ್ರೆಯಿಂದ ಒಮ್ಮೆ ಉಬ್ಬಸ ಬಂದವರು, ಆಸ್ತಮಾದ ಜೊತೆ ಮೂಗಿನೊಳಗೆ ಗಡ್ಡೆ ಇರುವವರು ಈ ಇಡೀ ಗುಂಪಿನಿಂದ ದೂರವಿರಬೇಕು. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಸ್ಟೀರಾಯ್ಡ್, ಲಿಥಿಯಂ, ಮೆಥೊಟ್ರೆಕ್ಸೇಟ್, ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಫ್ಲೂಯೊಕ್ಸೆಟಿನ್ ಜಾತಿಯವು ಇದ್ದರೆ ಕೇಳದೆ ನುಂಗಬಾರದು. ಡೆಂಗಿಯ ಅನುಮಾನವಿರುವ ಜ್ವರಕ್ಕೆ ಇವು ಸಲ್ಲವು, ಅಲ್ಲಿ ಪ್ಯಾರಾಸಿಟಮಾಲ್ ಮಾತ್ರ. ತಲೆನೋವಿಗೆ ತಿಂಗಳಲ್ಲಿ ಹದಿನೈದು ದಿನ ಇಂಥ ಮಾತ್ರೆ ನುಂಗುತ್ತಿರುವವರಿಗೆ ಮಾತ್ರೆಯೇ ತಲೆನೋವು ತರುತ್ತಿರಬಹುದು.

ಇನ್ನೊಂದು, ಜನ ಬಹಳ ಎಡವುವ ಜಾಗ. ಮಾತ್ರೆಪಟ್ಟಿಯ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧದ ಹೆಸರು ಅದರ ಕೆಳಗೆ ಸಣ್ಣದಾಗಿರುತ್ತದೆ. ಬೆನ್ನಿಗೆ ಒಂದು, ನೆಗಡಿಗೆ ಒಂದು, ಹಲ್ಲಿಗೆ ಒಂದು ಎಂದು ಮೂರು ಬಣ್ಣದ ಮಾತ್ರೆ ನುಂಗುವವರು ಮೂರರಲ್ಲಿಯೂ ಒಂದೇ ಗುಂಪಿನದನ್ನು ನುಂಗುತ್ತಿರಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಮೆಫೆನಾಮಿಕ್ ಆಸಿಡ್, ಕೀಟೊರೊಲಾಕ್, ಎಟೊರಿಕಾಕ್ಸಿಬ್ ಇವು ಒಂದೇ ಮನೆಯವು. ಎರಡನ್ನು ಸೇರಿಸಿದರೆ ನೋವು ಇಮ್ಮಡಿ ಇಳಿಯುವುದಿಲ್ಲ. ಪ್ಯಾರಾಸಿಟಮಾಲ್ ಬೇರೆ ಮನೆಯದು, ಜೊತೆಗೆ ನುಂಗಬಹುದು. ಆದರೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಸೇರಿಸಿಯೇ ತಯಾರಿಸಿದ ಮಾತ್ರೆಗಳೂ ಬರುತ್ತವೆ. ಅದರ ಮೇಲೆ ಮತ್ತೆ ಪ್ಯಾರಾಸಿಟಮಾಲ್ ನುಂಗಿ ಯಕೃತ್ತಿಗೆ ಪೆಟ್ಟು ಮಾಡಿಕೊಳ್ಳುವುದು ಸುಲಭ.

ನಿಮ್ಮ ಮಂಡಿಗೆ ಏನು ಮಾಡುವುದು? ಪ್ಯಾರಾಸಿಟಮಾಲ್‌ನಿಂದ ಶುರುಮಾಡಬಹುದು: ಸಲಕ್ಕೆ 500 ಮಿಲಿಗ್ರಾಂನಿಂದ 1 ಗ್ರಾಂ. ದಿನಕ್ಕೆ 4 ಗ್ರಾಂ ವಯಸ್ಕರ ಗಡಿ. ನಿಮ್ಮ ವಯಸ್ಸಿನಲ್ಲಿ ನಾನು 3 ಗ್ರಾಂಗೆ ನಿಲ್ಲಿಸುತ್ತೇನೆ. ಸವೆದ ಮಂಡಿಗೆ ಅದರ ಪ್ರಯೋಜನ ಸಣ್ಣದು ಎಂಬುದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ನನಗೆ ಭರವಸೆಯಿರುವುದು ಹಚ್ಚುವ ಮುಲಾಮಿನ ಮೇಲೆ. ಡೈಕ್ಲೋಫೆನಾಕ್ ಜೆಲ್ ಹೆಸರಿಗೆ ಅದೇ ಔಷಧವಾದರೂ, ಒಂದು ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲಾದ್ದರಿಂದ ಅಲ್ಲಿ ಅದು ಕೆಲಸ ಮಾಡುತ್ತದೆ. ಸೊಂಟದ ಆಳದ ಕೀಲಿಗೆ ಮುಟ್ಟುವುದಿಲ್ಲ. ಒಂದೇ ದಿನಕ್ಕೆ ಕೈಬಿಡಬೇಡಿ, ಒಂದೆರಡು ವಾರ ನಿಯಮಿತವಾಗಿ ಹಚ್ಚಿ ನೋಡಿ. ಒಡೆದ ಚರ್ಮದ ಮೇಲೆ ಬೇಡ, ಹಚ್ಚಿ ಬಿಸಿ ಶಾಖ ಕೊಡುವುದೂ ಬೇಡ. ನಿಮ್ಮ ಹೃದಯ, ಬಿಪಿ ಎರಡೂ ಗೊತ್ತಿರುವ ವೈದ್ಯರನ್ನು ಕೇಳಿಯೇ ಶುರುಮಾಡಿ. ಜೆಲ್ ಹಚ್ಚಿಕೊಂಡು ಮಾತ್ರೆಯನ್ನೂ ನುಂಗಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಮಾತ್ರೆಯಿಂದಾಗದ ಕೆಲಸ ಇನ್ನೊಂದಿದೆ, ಅದನ್ನು ಹೇಳಿದಾಗಲೆಲ್ಲ ಎದುರಿನವರ ಮುಖ ಬಾಡುವುದನ್ನು ನೋಡಿದ್ದೇನೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಪೆಟ್ಟು ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಶುರುವಿಗೆ ಇಷ್ಟು ಸಾಕು, ಮುಂದಿನದನ್ನು ಫಿಸಿಯೊಥೆರಪಿಯವರು ಹೇಳಿಕೊಡಲಿ. ಮೊದಲ ಎರಡು ವಾರ ನೋವು ತುಸು ಹೆಚ್ಚಿದಂತೆ ಅನ್ನಿಸಬಹುದು, ಅದಕ್ಕೆ ಬಿಡಬೇಡಿ. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿಸಿದ್ದಕ್ಕೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಇವೆಲ್ಲ ಆದ ಮೇಲೂ ನೋವು ಬಾಧಿಸಿದರೆ ಕೀಲಿಗೆ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇತ್ಯಾದಿ ಮಾತು. ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ, ಜ್ವರವೂ ಇದ್ದರೆ ಅದು ಸವೆತದ ನೋವಲ್ಲ. ಅದೇ ದಿನ ತೋರಿಸಿ.

ಮಗಳ ವಿಷಯ. ಅವಳನ್ನು ಕಟಕಿಯಾಡಬೇಡಿ, ಅವಳ ಲೆಕ್ಕ ಸರಿಯಾಗಿಯೇ ಇದೆ. ಮುಟ್ಟಿನ ನೋವು ಬರುವುದೇ ಗರ್ಭಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಹೆಚ್ಚಾಗಿ ಅದು ಹಿಂಡಿಕೊಳ್ಳುವುದರಿಂದ. ಹಾಗಾಗಿ ಅಲ್ಲಿ ಈ ಮಾತ್ರೆ ಬೇರಿಗೇ ಕೈಹಾಕುತ್ತದೆ. ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಾದೊಡನೆ ನುಂಗಿದರೆ ಹೆಚ್ಚು ಗುಣ; ಎರಡು ಮೂರು ದಿನದಲ್ಲಿ ನಿಲ್ಲಿಸಬೇಕು. ವರ್ಷದಿಂದ ವರ್ಷಕ್ಕೆ ನೋವು ಹೆಚ್ಚುತ್ತಿದ್ದರೆ, ಮಾತ್ರೆಗೆ ಜಗ್ಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಎಷ್ಟೋ ಕಾಲ ಮಾತ್ರೆಯ ಮರೆಯಲ್ಲಿ ಅಡಗಿರುತ್ತದೆ. ಮತ್ತೆ ಮಗುವಿನ ಯೋಚನೆಯಿದ್ದರೆ ನಿತ್ಯ ಬಳಕೆ ಬೇಡ, ಅಂಡ ಬಿಡುಗಡೆಗೆ ಇವು ಅಡ್ಡಿಯಾಗಬಲ್ಲವು. ಗರ್ಭಿಣಿಯಾದರೆ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. 20ನೇ ವಾರದಿಂದ ಮುಂದೆ ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಇಳಿಯಬಹುದು. ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಬಳಿ ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳವೊಂದು ಒಳಗಿದ್ದಾಗಲೇ ಮುಚ್ಚಿಕೊಳ್ಳಬಹುದು.

ಮೊಮ್ಮಗನಿಗೆ ಸಿರಪ್ ಕೊಡಬಹುದು, ವಯಸ್ಸಿಗಲ್ಲ, ತೂಕಕ್ಕೆ: ಒಂದು ಕಿಲೋಗೆ ಸಲಕ್ಕೆ 5ರಿಂದ 10 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ವೈದ್ಯರು ಹೇಳದೆ ಬೇಡ. ವಾಂತಿಭೇದಿಯಿಂದ ಸೊರಗಿದ್ದರೆ, ಮೈಮೇಲೆ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಎದ್ದಿದ್ದರೆ, ಡೆಂಗಿ ಎಂಬ ಅನುಮಾನವಿದ್ದರೆ ಇದರ ಬದಲು ಪ್ಯಾರಾಸಿಟಮಾಲ್ ಕೊಡಲಿ. ಆಸ್ಪಿರಿನ್ ಹದಿನಾರು ವರ್ಷದೊಳಗಿನವರಿಗೆ ಕೊಡುವಂಥದ್ದೇ ಅಲ್ಲ. ಅದರಿಂದ ಬರಬಹುದಾದ, ಯಕೃತ್ತು ಮತ್ತು ಮೆದುಳನ್ನು ಕೆಡಿಸುವ ರೈ ಸಿಂಡ್ರೋಮ್ ಅಪರೂಪವಾದರೂ ಜೀವ ತೆಗೆಯಬಲ್ಲದು. ಸಿರಪ್‌ಗಳ ಸಾಂದ್ರತೆ ಒಂದೇ ಆಗಿರುವುದಿಲ್ಲ, ಆದ್ದರಿಂದ ಹೋದ ಸಲ ಎಷ್ಟು ಮಿಲಿಲೀಟರ್ ಕೊಟ್ಟೆವು ಎಂಬ ನೆನಪಿನ ಮೇಲೆ ಕೊಡದೆ, ಈ ಸಲದ ಬಾಟಲಿಯ ಚೀಟಿಯನ್ನು ಓದಿ, ಅದರೊಡನೆ ಬಂದ ಅಳತೆಯಲ್ಲಿಯೇ ಹಾಕಲಿ. ನಿಮ್ಮಲ್ಲಿ ಉಳಿದಿರುವ 400 ಮಿಲಿಗ್ರಾಂ ಮಾತ್ರೆಗಳನ್ನು ಮುರಿದು ಅವನಿಗೆ ಕೊಡುವುದು ಬೇಡ.